ಬೆಕ್ಕಿಗೆ ಯಾರೋ ತಿನ್ನಿಸುತ್ತಿದ್ದಾರೆ

ಮೊದಲು ನಾನು ಅನುಮಾನಪಟ್ಟಿದ್ದು ಬಚ್ಚಲುಮನೆಯ ಮಗ್ಗನ್ನು. ರಾತ್ರಿ ತುಂಬಿಸಿಟ್ಟ ನೀರು ಬೆಳಗಾಗುವಷ್ಟರಲ್ಲಿ ತಳ ಕಂಡಿರುತ್ತಿತ್ತು. ಎಲ್ಲೋ ಬಿರುಕು ಬಿಟ್ಟಿರಬೇಕೆಂದು ಹೊಸದು ತಂದಿಟ್ಟೆ. ಅದರದೂ ಅದೇ ಕಥೆ. ಆಮೇಲೆ ಬೆಕ್ಕಿನ ಮರಳಿನ ಟ್ರೇ ಕೆಸರುಗದ್ದೆಯ ಹಾಗೆ ಆಗತೊಡಗಿತು. ಬೀದಿಯ ಯಾವುದೋ ಗಡವ ಬೆಕ್ಕು ಕಿಟಕಿಯಿಂದ ಇಳಿದು ನಮ್ಮವನ ಟ್ರೇ ಉಪಯೋಗಿಸಿ ಹೋಗುತ್ತಿದೆ ಎಂದು ತೀರ್ಮಾನಿಸಿ ಕಿಟಕಿ ಭದ್ರಪಡಿಸಿದೆ. ಕೆಸರು ಕಮ್ಮಿಯಾಗಲಿಲ್ಲ. ನಿಜ ಕಂಡುಹಿಡಿದವಳು ನನ್ನ ಹೆಂಡತಿ. ಹಲ್ಲುಜ್ಜಲು ಹೋದವಳು ಬಾಗಿಲಲ್ಲೇ ನಿಂತು ನನ್ನನ್ನು ಕರೆದಳು. ನಮ್ಮ ಬೆಕ್ಕು ಮಗ್ಗಿನೊಳಗೆ ತಲೆ ತೂರಿಸಿ ಲಚಪಚ ಎಂದು ಕುಡಿಯುತ್ತಿತ್ತು. ಕುಡಿಯುತ್ತಲೇ ಇತ್ತು.

“ರೀ, ಇವನನ್ನ ನೋಡಿದ್ರೆ ನಿಮ್ಮಮ್ಮನ್ನ ನೋಡ್ದಂಗಾಗ್ತಿದೆ. ಷುಗರ್ ಅಂತ ಗೊತ್ತಾದ ವರ್ಷ ಅವ್ರೂ ಹಿಂಗೇ ಚೊಂಬು ಚೊಂಬು ಕುಡೀತಿದ್ರು.”

ನಾನು ನಕ್ಕುಬಿಟ್ಟೆ. ಬೆಕ್ಕು ಸೊರಗಿದ್ದನ್ನೂ ಹಿಂಗಾಲು ಊರುವಾಗ ಹಿಮ್ಮಡಿ ನೆಲಕ್ಕೆ ತಾಗಿಸಿ ಮುದುಕನ ಹಾಗೆ ನಡೆಯುತ್ತಿದ್ದುದನ್ನೂ ಅವಳು ಒಂದೊಂದಾಗಿ ತೋರಿಸಿದ ಮೇಲೆ ನಗು ನಿಂತಿತು.

ನನ್ನ ಬುದ್ಧಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತನಾದವನು. ಕೈಗೆ ಬಂದ ಪ್ರತಿಯೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡುವುದೇ ಜೀವಮಾನದ ಕೆಲಸವಾಗಿತ್ತು. ಮನೆಯಲ್ಲಿ ಕೂತ ಮೇಲೆ ನೋಟು ಸಿಗಲಿಲ್ಲ, ಹಾಗಾಗಿ ಮನುಷ್ಯರನ್ನೇ ಬೆಳಕಿಗೆ ಹಿಡಿಯತೊಡಗಿದೆ ಎಂದು ಹೆಂಡತಿ ಹೇಳುವುದುಂಟು. ಅವಳು ಆರ್.ಟಿ. ನಗರದ ಒಂದು ಶಾಲೆಯಲ್ಲಿ ಟೀಚರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವವಳು. ಇಡೀ ದಿನ ಯಲಹಂಕದ ಪುಟ್ಟೇನಹಳ್ಳಿಯ ಮನೆಯಲ್ಲಿ ನಾನು, ಎಂಬತ್ತರ ಹತ್ತಿರದ ಅಮ್ಮ, ಮತ್ತು ಈ ಬೆಕ್ಕು.

ಹೆಬ್ಬಾಳದ ಕಡೆ ಒಂದು ಪ್ರಾಣಿಗಳ ಕ್ಲಿನಿಕ್ಕಿತ್ತು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ತೆಗೆದು, ಮೂತ್ರ ನೋಡಿ, “ಡಯಾಬಿಟಿಸ್ ಸಾರ್” ಎಂದರು. ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಬೇಕು, ಮನೆಯಲ್ಲೇ, ನಾವೇ.

ನಾನು ಡಾಕ್ಟರನ್ನೂ ಬೆಳಕಿಗೆ ಹಿಡಿದೆ. ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ನಮ್ಮ ಹಿರಿಯರ ಬಾಯಲ್ಲಿ ಒಂದು ದಿನವೂ ಕೇಳಿದವನಲ್ಲ. ಇನ್ನೊಂದು ಕಡೆ ತೋರಿಸಿದೆ. ಅಲ್ಲೂ ಅದನ್ನೇ ಹೇಳಿದರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರೇನೋ ಎಂದು ಹೆಂಡತಿಗೆ ಹೇಳಿದೆ.

ಅಮ್ಮನ ಅನುಮಾನವೇ ಬೇರೆ. ಅವಳು ಕೋಗಿಲಿನವಳು. ಕೋಗಿಲು ಇನ್ನೂ ಹೊಲ, ಬಾವಿ, ಕಣ ಇದ್ದ ಊರಾಗಿದ್ದಾಗ ಅಲ್ಲಿ ಹುಟ್ಟಿ, ಕೂಗಿದರೆ ಕೇಳುವಷ್ಟು ದೂರಕ್ಕೆ ಮದುವೆಯಾಗಿ ಬಂದವಳು. ಈಗ ನಡುವೆ ಬರೀ ಕಟ್ಟಡ. ಅವಳ ಮಾತು ಮಾತ್ರ ಆ ಕಣದಲ್ಲೇ ಉಳಿದಿದೆ. ಸುದ್ದಿ ಕೇಳಿದವಳೇ ತೊಡೆಯ ಮೇಲಿದ್ದ ಬೆಕ್ಕನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು.

“ನನ್ನಿಂದ್ಲೇ ಅಂಟ್ಕಂಡೈತೆ ಕಣಪ್ಪ. ದಿನಾ ನನ್ ಮಗ್ಗಲಾಗೇ ಮಲಗ್ತಿತ್ತು.”

“ಅಮ್ಮ, ಅದು ಅಂಟೋ ಕಾಯಿಲೆ ಅಲ್ಲ.”

“ನಿಂಗೆ ಅಂಟಿಲ್ಲ, ಅದ್ಕೇ ಅಂಗಂತೀಯ. ನೀನು ನನ್ ಮಗ್ಗಲಾಗೆ ಮಲಗಿ ಎಷ್ಟ್ ಕಾಲ ಆಯ್ತು?”

ಬೆಕ್ಕನ್ನು ಎತ್ತಿ ಮತ್ತೆ ಅವಳ ತೊಡೆಗೇ ಹಾಕಿದೆ.

ಡಾಕ್ಟರು ಟವೆಲ್ಲೊಂದನ್ನು ಸುರುಳಿ ಸುತ್ತಿ, ಅದನ್ನೇ ಬೆಕ್ಕೆಂದು ತಿಳಿದು ಚುಚ್ಚಿ ಎಂದು ನನಗೆ ಅಭ್ಯಾಸ ಮಾಡಿಸಿದರು. ಮದ್ದಿನ ಬಾಟಲಿಯನ್ನು ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಎತ್ತಿ ಹಿಡಿಯಬೇಕು. ಅದಕ್ಕೆ ಮುಂಚೆ ಕಿವಿಯ ಅಂಚನ್ನು ಬಿಸಿ ಬಟ್ಟೆಯಿಂದ ಒತ್ತಿ, ಸೂಜಿಮೊನೆ ತಾಗಿಸಿ, ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಬೇಕು. ಮಷೀನು ಮನೆಯಲ್ಲೇ ಇತ್ತು, ಅಮ್ಮನದು. ಸದ್ಯಕ್ಕೆ ಅದೇ ಸಾಕು ಎಂದರು.

ಹೊರಡುವಾಗ ಅವರು ಹೇಳಿದ ಮಾತೊಂದು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

“ಸಾರ್, ನೀವು ಕೊಟ್ಟಿದ್ದು ಮಾತ್ರ ಅವನು ತಿನ್ಬೇಕು. ಏನು ತಿಂತಾನೆ ಅನ್ನೋದರ ಮೇಲೆ ನಾನು ಇನ್ಸುಲಿನ್ ಲೆಕ್ಕ ಹಾಕೋದು. ಲೆಕ್ಕ ತಪ್ಪಿದ್ರೆ ಎರಡು ಕಡೆಯಿಂದ್ಲೂ ಅಪಾಯ. ಷುಗರ್ ಏರಿದ್ರೆ ನಿಧಾನಕ್ಕೆ ಸಾಯ್ತಾನೆ. ಇಳಿದ್ರೆ ಅರ್ಧ ದಿನ ಸಾಕು.”

ದೀಪಾವಳಿ ಮುಗಿದ ಮೇಲಿನ ಮಾತು ಇದು. ಕಾರ್ತೀಕದ ಕೊನೆಯ ಹೊತ್ತಿಗೆ ನಾನು ಕೈ ಪಳಗಿಸಿಕೊಂಡಿದ್ದೆ. ಬೆಕ್ಕು ಕಿವಿ ಒಡ್ಡಿಕೊಂಡು ಕೂರುತ್ತಿತ್ತು. ತಟ್ಟೆಯಲ್ಲಿ ಮುಖ ಇಟ್ಟಿರುವಾಗ ಚುಚ್ಚಿದರೆ ಗೊತ್ತೂ ಆಗುತ್ತಿರಲಿಲ್ಲ. ಮಷೀನಿನ ಸಂಖ್ಯೆ ಇಳಿಯುತ್ತಾ ಬಂತು. ಹಿಮ್ಮಡಿ ಮೇಲೆದ್ದಿತು. ಒಂದು ದಿನ ಕಾಂಪೌಂಡಿನ ಗೋಡೆಯ ಮೇಲೆ ಹಾರಿ ಕೂತಿದ್ದನ್ನು ಕಂಡು ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು, ದೇವರಿಗೆ.

ಡಿಸೆಂಬರ್ ಅರ್ಧ ಕಳೆದ ಮೇಲೆ ಸಂಖ್ಯೆ ಮತ್ತೆ ಏರಿತು. ಅದೂ ಬೆಳಿಗ್ಗೆ ಮಾತ್ರ. ಸಂಜೆ ನೋಡಿದರೆ ತಕ್ಕಮಟ್ಟಿಗೆ ಸರಿಯಿರುತ್ತಿತ್ತು. ಬೆಳಿಗ್ಗೆ ಸೂಜಿ ಹಾಕುವ ಮುಂಚೆ ನೋಡಿದರೆ ಮಷೀನು ನಾನೂರು ದಾಟಿ ತೋರಿಸುತ್ತಿತ್ತು. ಒಂದು ದಿನವಾದರೆ ಬಿಡಿ ಅನ್ನಬಹುದು. ದಿನಾ ಹೀಗೆ.

ಕ್ಯಾಷಿಯರಿನ ತಲೆ ತಿರುಗತೊಡಗಿತು. ಗಲ್ಲಾಪೆಟ್ಟಿಗೆಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ವ್ಯತ್ಯಾಸ ಬಂದರೆ ಅದು ಅಕಸ್ಮಾತ್ತಲ್ಲ, ಅಲ್ಲಿ ಒಂದು ಕೈಯಿದೆ ಎಂದರ್ಥ. ಬೆಳಗಿನ ಜಾವದಲ್ಲಿ ನನ್ನ ಬೆಕ್ಕಿಗೆ ಯಾರೋ ತಿನ್ನಿಸುತ್ತಿದ್ದಾರೆ.

ಯಾರು ಎನ್ನುವುದಕ್ಕೂ ಮುಂಚೆ, ಏನು ಎಂದು ಯೋಚಿಸಿದೆ. ಸಿಹಿ ಏನಾದರೂ ತಿನ್ನುತ್ತಿರಬಹುದೇ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ ಎಂದರು. ಸರಿ, ಸಿಹಿಯನ್ನು ಅನುಮಾನದ ಪಟ್ಟಿಯಿಂದ ಹೊಡೆದು ಹಾಕಿದೆ. ಉಳಿದದ್ದು ಮಾಂಸ, ಮೀನು, ಹಾಲು. ಧನುರ್ಮಾಸ ನಡೆಯುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಮಾಂಸ ಬೇಯಿಸುವಂತಿರಲಿಲ್ಲ. ಆ ತಿಂಗಳು ಮುಗಿಯುವವರೆಗೆ ಅಡಿಗೆಮನೆಗೆ ಕೋಳಿ ತರಬಾರದು ಎನ್ನುವುದು ಅಮ್ಮನ ಕಟ್ಟಪ್ಪಣೆ. ಬೆಕ್ಕಿಗೂ ಬೇಯಿಸಿದ ಕೋಳಿ ನಿಲ್ಲಿಸಿ, ಡಾಕ್ಟರನ್ನು ಕೇಳಿಯೇ, ಡಬ್ಬಿಯ ತಿನಿಸು ಕೊಡುತ್ತಿದ್ದೆ. ಕೋಳಿಯ ರುಚಿ ಹತ್ತಿದವನು ಬೇರೆ ಕಡೆ ಹುಡುಕಿಕೊಂಡು ಹೋಗುವುದು ಸಹಜ ತಾನೆ?

ಪಕ್ಕದ ಮನೆಯಾಕೆ ಮೊದಲು ನೆನಪಾದದ್ದು ಹೀಗೆ. ಅವರ ಮನೆಯಲ್ಲಿ ಮಾತು ದಖನಿ ಉರ್ದು, ನಮ್ಮೊಡನೆ ಕನ್ನಡ. ಗಂಡ ದುಬೈಯಲ್ಲಿ. ಆಕೆ ಬೆಳಿಗ್ಗೆ ಬೇಗ ಎದ್ದು ಅಡಿಗೆ ಮುಗಿಸಿ, ಕಾರಿನಲ್ಲಿ ಯಶವಂತಪುರದ ಆಫೀಸಿಗೆ ಹೋಗುವವರು. ಅವರ ಅಡಿಗೆಮನೆಯ ಕಿಟಕಿಗೂ ನಮ್ಮ ಕಾಂಪೌಂಡಿಗೂ ಒಂದು ಬೆಕ್ಕಿನ ನೆಗೆತದ ದೂರ.

ಒಂದು ಬೆಳಿಗ್ಗೆ ಬೆಕ್ಕಿನ ಕಿವಿ ಒತ್ತುತ್ತಾ ಅದರ ಮೀಸೆಯನ್ನು ನೋಡಿದೆ. ಜಿಡ್ಡು. ಮೂಸಿದೆ. ತುಪ್ಪ. ನಮ್ಮ ಮನೆಯಲ್ಲಿ ತುಪ್ಪ ಬಂದ್ ಆಗಿ ಎಷ್ಟೋ ಕಾಲವಾಗಿತ್ತು, ಅಮ್ಮನ ಹೃದಯದ ಡಾಕ್ಟರು ಹೇಳಿದ ಮೇಲೆ. ಇನ್ನೇನು ಬೇಕು ಸಾಕ್ಷಿ?

ನೇರವಾಗಿ ಹೋಗಿ ಕೇಳಲು ಧೈರ್ಯ ಬರಲಿಲ್ಲ. ಬದಲಿಗೆ ಒಂದು ಜಾಣತನ ಮಾಡಿದೆ. ರಟ್ಟು ಕತ್ತರಿಸಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ “ನನಗೆ ಸಕ್ಕರೆ ಕಾಯಿಲೆ ಇದೆ. ದಯವಿಟ್ಟು ಏನೂ ಕೊಡಬೇಡಿ” ಎಂದು ಬರೆದು, ಮೇಲೆ ಸೆಲ್ಲೋಟೇಪು ಸುತ್ತಿ, ಬೆಕ್ಕಿನ ಕೊರಳಿಗೆ ಕಟ್ಟಿದೆ. ಬೀದಿಗೆಲ್ಲ ಒಂದು ತಮಾಷೆ ಸಿಕ್ಕಿತು. ಸೊಪ್ಪಿನವಳು ತಳ್ಳುಗಾಡಿ ನಿಲ್ಲಿಸಿ ಓದಿಸಿಕೊಂಡು, “ಸಾರ್, ಒಂದು ನಂಗೂ ಬರ್ಕೊಡಿ, ನಮ್ ಯಜಮಾನಂಗೆ ಕಟ್ತೀನಿ” ಎಂದಳು.

ಎರಡು ದಿನವಾದ ಮೇಲೆ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಆ ಚೀಟಿ. ಗೋಡೆ ಹಾರುವಾಗ ಉದುರಿತ್ತಂತೆ.

“ಅಣ್ಣಾ, ಇದು ನಿಮ್ಮ ಬೆಕ್ಕಿಂದು.”

“ಹೌದು, ಥ್ಯಾಂಕ್ಸ್ ಅಮ್ಮ.”

“ಬೆಕ್ಕಿನ ಕೊರಳಿಗೆ ಕಟ್ಟಿದ್ರಿ. ಬರೆದಿದ್ದು ನಂಗೆ ಅಲ್ವಾ?”

“ಛೆ ಛೆ. ಹಾಗಲ್ಲ. ಎಲ್ಲರಿಗೂ ಅಂತ.”

“ಎಲ್ಲರ ಮನೆ ಕಿಟಕೀಗೂ ನಿಮ್ ಬೆಕ್ಕು ಬರಲ್ಲ ಅಣ್ಣಾ, ನಮ್ ಮನೇಗೆ ಬರುತ್ತೆ. ಬಂದ್ರೆ ಓಡಿಸ್ತೀನಿ. ನಮ್ ಅಬ್ಬಾ ಷುಗರ್‌ನಲ್ಲೇ ಹೋದ್ರು. ನಾನೇ ಸೂಜಿ ಹಾಕ್ತಿದ್ದೆ. ಏನ್ ಕೊಡ್ಬೇಕು ಏನ್ ಕೊಡಬಾರ್ದು, ನಂಗೆ ಗೊತ್ತಿಲ್ವಾ?”

ಚೀಟಿಯನ್ನು ನನ್ನ ಕೈಗಿಟ್ಟು ಹೋದರು. ಮುಖ ಕೆಂಪಾಗಿತ್ತು. ನಾನು ಒಳಗೆ ಬಂದು ಹೆಂಡತಿಗೆ ಹೇಳಿದೆ: “ಇಷ್ಟು ಕೋಪ ಮಾಡ್ಕೊಂಡ್ರು ಅಂದ್ರೆ ಏನೋ ಇದೆ ಕಣೇ.”

“ಕೋಪ ಮಾಡ್ಕೊಳ್ಳದೇ ಇದ್ದಿದ್ರೆ?”

“ಆಗಲೂ ಏನೋ ಇದೆ ಅಂತ್ಲೇ.”

“ನಿಮ್ಮನ್ನ ಆ ಕೌಂಟರಿನ ಗಾಜಿನ ಹಿಂದೇನೇ ಇಟ್ಟಿರ್ಬೇಕಿತ್ತು” ಎಂದು ಅವಳು ಸ್ಕೂಲಿಗೆ ಹೊರಟಳು.

ಕಿಟಕಿಗಳಿಗೆಲ್ಲ ಜಾಲರಿ ಹೊಡೆಸಿದೆ. ಬೆಕ್ಕು ಹೊರಗೆ ಕಾಲಿಡದಂತೆ ಮಾಡಿದೆ. ಮಾರನೆಯ ಬೆಳಿಗ್ಗೆ ಸಂಖ್ಯೆ ಇನ್ನೂ ಹೆಚ್ಚು. ಅಂದರೆ ಕಳ್ಳ ಹೊರಗಿನವನಲ್ಲ.

ಮನೆಯವರನ್ನು ಅನುಮಾನಿಸುವುದು ಬೇರೆಯ ಜಾತಿಯ ಕಷ್ಟ. ಹೆಂಡತಿ ಡಬ್ಬಿಗೆ ಚಪಾತಿ ಹಾಕಿಕೊಳ್ಳುವಾಗ ನಾನು ಪೇಪರಿನ ಮೇಲಿಂದ ಅವಳ ಕೈ ನೋಡುತ್ತಿದ್ದೆ. ಅವಳು ಅದನ್ನು ಗಮನಿಸಿ, ಚಪಾತಿಯ ಒಂದು ಚೂರನ್ನು ಬೇಕೆಂದೇ ಬೆಕ್ಕಿನ ಕಡೆ ಚಾಚಿ, ನಾನು ಎದ್ದು ನಿಂತ ಮೇಲೆ ತನ್ನ ಬಾಯಿಗೇ ಹಾಕಿಕೊಂಡಳು. ಅಮ್ಮ ರಾತ್ರಿ ಕುಡಿಯುವ ಹಾಲಿನ ಲೋಟವನ್ನು ನಾನೇ ತೊಳೆಯತೊಡಗಿದೆ. ತಳದಲ್ಲಿ ಎಷ್ಟು ಉಳಿದಿತ್ತು, ಯಾರು ಕುಡಿದರು?

ಕೊನೆಗೆ ಒಂದು ಬೆಳಿಗ್ಗೆ ಅಮ್ಮನನ್ನೇ ಕೇಳಿದೆ. ಅವಳು ಆಗಷ್ಟೇ ದೇವಸ್ಥಾನದಿಂದ ಬಂದು, ಸೆರಗಿನಿಂದ ತಲೆಯ ಮಂಜು ಒರೆಸಿಕೊಳ್ಳುತ್ತಿದ್ದಳು. ಬೀದಿಯ ತುದಿಯ ಆಂಜನೇಯನ ಗುಡಿಯಲ್ಲಿ ಧನುರ್ಮಾಸದ ಪೂಜೆ ಕತ್ತಲಲ್ಲೇ ಮುಗಿಯುತ್ತದೆ. ಎಷ್ಟು ಚಳಿಯಿದ್ದರೂ ಅವಳು ತಪ್ಪಿಸುವವಳಲ್ಲ.

“ಅಮ್ಮ, ನಿಜ ಹೇಳು. ಬೆಕ್ಕಿಗೆ ಏನಾದ್ರೂ ತಿಂಡಿ ಕೊಡ್ತಿದ್ದೀಯಾ?”

“ನಾನ್ಯಾಕಪ್ಪ ಕೊಡ್ಲಿ?”

“ಹಾಲು? ಮೊಸರನ್ನ? ಬಿಸ್ಕತ್ತು?”

“ನೀನು ಬ್ಯಾಡ ಅಂದ್ಮ್ಯಾಕೆ ಒಂದ್ ಅಗುಳು ತಿಂಡಿ ಮುಟ್ಟಿಸಿಲ್ಲ. ದ್ಯಾವ್ರಾಣೆ.” ಸ್ವಲ್ಪ ತಡೆದು ಸೇರಿಸಿದಳು: “ನನ್ ಮ್ಯಾಲೂ ಅನುಮಾನ ಬಂತಾ ನಿಂಗೆ?”

ದೇವರಾಣೆ ಎಂದ ಮೇಲೆ ಮುಗಿಯಿತು. ಅಮ್ಮ ಸುಳ್ಳು ಆಣೆ ಇಡುವವಳಲ್ಲ, ಅದು ನನಗೆ ಹುಟ್ಟಿದಂದಿನಿಂದ ಗೊತ್ತು. ಅವಳನ್ನು ಪಟ್ಟಿಯಿಂದ ತೆಗೆದೆ. ಇನ್ನು ಉಳಿದದ್ದು ಮದ್ದು, ಮಷೀನು, ಡಾಕ್ಟರು. ಫ್ರಿಜ್ಜು ತಂಪಾಗುತ್ತಿದೆಯೇ ಎಂದು ಕೈಯಿಟ್ಟು ನೋಡಿದೆ. ಔಷಧಿ ಅಂಗಡಿಯವನು ಹಳೆಯ ಸರಕು ಕೊಟ್ಟನೇ ಎಂದು ಬೇರೆ ಅಂಗಡಿಯಿಂದ ಹೊಸ ಬಾಟಲಿ ತಂದೆ. ಏನೂ ವ್ಯತ್ಯಾಸವಿಲ್ಲ.

ಬೆಕ್ಕು ಮತ್ತೆ ಮಗ್ಗಿಗೆ ಮುಖ ಹಾಕತೊಡಗಿತ್ತು. ಎತ್ತಿಕೊಂಡರೆ ಬೆನ್ನಿನ ಗಂಟು ಗಂಟು ಕೈಗೆ ಸಿಗುತ್ತಿತ್ತು. ಹೆಬ್ಬಾಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ನನ್ನ ಮುಖವನ್ನೇ ನೋಡಿ ಕೇಳಿದರು.

“ಬೆಳಿಗ್ಗೆ ಸೂಜಿಗೆ ಮುಂಚೆ ಏನಾದ್ರೂ ತಿಂತಾನಾ?”

“ಏನೂ ಇಲ್ಲ ಡಾಕ್ಟರ್. ಮನೆಯಲ್ಲೆಲ್ಲ ವಿಚಾರಿಸಿದ್ದೀನಿ.”

“ಖಂಡಿತಾನಾ?”

“ಖಂಡಿತ.”

ಅವರು ಇನ್ಸುಲಿನ್ ಹೆಚ್ಚಿಸಿದರು. ಒಂದು ವಾರ ಬಿಟ್ಟು, ಸಾಲದೆಂದು, ಇನ್ನಷ್ಟು ಹೆಚ್ಚಿಸಿದರು. ಸೂಜಿಗೆ ಮುಂಚೆ ಸಂಖ್ಯೆ ತೀರಾ ಕಮ್ಮಿಯಿದ್ದರೆ ಚುಚ್ಚದೆ ಫೋನು ಮಾಡಿ ಎಂದೂ ಹೇಳಿದರು. ಕಮ್ಮಿಯಾಗುವ ದಿನವೊಂದು ಬಂದರೆ ಸಾಕಾಗಿದೆ ಎಂದುಕೊಂಡು ಬಂದೆ.

ಸಂಕ್ರಾಂತಿ ಬಂತು. ಎಳ್ಳು ಬೀರಲು ಬಂದವರು ಕೊಟ್ಟ ಪೊಟ್ಟಣಗಳನ್ನೆಲ್ಲ ನಾನು ಮೇಲಿನ ಕಪಾಟಿಗೆ ಸೇರಿಸಿದೆ, ಅಮ್ಮನಿಗೆ ಎಟುಕದ ಹಾಗೆ. ಮಾರನೆಯ ದಿನ ಬೆಳಿಗ್ಗೆ ಬೆಕ್ಕಿನ ಕಿವಿ ಚುಚ್ಚಿದಾಗ ಮಷೀನು ತೋರಿಸಿದ ಸಂಖ್ಯೆ ನೋಡಿ ಕನ್ನಡಕ ಒರೆಸಿಕೊಂಡೆ. ಅರ್ಧಕ್ಕರ್ಧ ಇಳಿದಿತ್ತು. ಡಾಕ್ಟರು ಹೇಳಿದ ಕೆಳಗಿನ ಗೆರೆಗಿಂತ ಮೇಲೇ ಇತ್ತು, ಆದರೆ ಎಷ್ಟು ಚೆಂದವಾಗಿ ಇಳಿದಿತ್ತು. ಮದ್ದು ಹಿಡಿಯಿತು ಎಂದು ಹಿಗ್ಗಿದೆ. ಹೆಚ್ಚಿಸಿದ ಪ್ರಮಾಣವನ್ನೇ ಪೂರ್ತಿ ಚುಚ್ಚಿದೆ. ಬೆಕ್ಕು ಡಬ್ಬಿಯ ತಿನಿಸನ್ನು ಅರ್ಧ ತಿಂದು, ತಟ್ಟೆ ಬಿಟ್ಟು, ಅಮ್ಮನ ಕಾಲಿನ ಸುತ್ತ ಸುತ್ತುತ್ತಾ ಕೂಗುತ್ತಿತ್ತು. ಅಮ್ಮ ಅದಕ್ಕೆ, “ಇವತ್ತಿಲ್ಲ ಹೋಗು ಮಗಾ, ಮುಗೀತು” ಎಂದಿದ್ದು ಕಿವಿಗೆ ಬಿತ್ತು. ಏನು ಮುಗಿಯಿತು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅಷ್ಟು ಸಂತೋಷದಲ್ಲಿದ್ದೆ.

ಬಿಸಿಲು ಹಜಾರಕ್ಕೆ ಬರುವ ಹೊತ್ತಿಗೆ ಬೆಕ್ಕು ಸೋಫಾದಿಂದ ಇಳಿಯಲು ಹೋಗಿ ಕುಸಿಯಿತು. ಎದ್ದು ನಿಲ್ಲಲು ನೋಡಿತು, ಕುಡಿದವರ ಹಾಗೆ ವಾಲಿತು. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಮುಂಗಾಲು ಅದುರುತ್ತಿತ್ತು.

ಫೋನಿನಲ್ಲಿ ಡಾಕ್ಟರು ಒಂದೇ ಉಸಿರಿಗೆ ಹೇಳಿದರು: “ಷುಗರ್ ಬಿದ್ದಿದೆ. ಸಕ್ಕರೆ ನೀರು ಮಾಡಿ ಒಸಡಿಗೆ ಸವರಿ. ಗಂಟಲಿಗೆ ಹೊಯ್ಯಬೇಡಿ. ಸವರ್ತಾನೇ ಹೊರಡಿ.”

ಇಬ್ಬರು ಸಕ್ಕರೆ ಕಾಯಿಲೆಯವರಿದ್ದ ಮನೆ. ಸಕ್ಕರೆ ಡಬ್ಬಿಯನ್ನು ನಾನೇ ಕೈಯಾರೆ ಖಾಲಿ ಮಾಡಿಸಿದ್ದೆ. ಅಡಿಗೆಮನೆಯಲ್ಲಿ ಸುಮ್ಮನೆ ಡಬ್ಬಿ ಡಬ್ಬಿ ತೆಗೆಯುತ್ತಾ ನಿಂತೆ. ಅಮ್ಮನೇ, “ಅಚ್ಚು, ಅಚ್ಚು ತಗಿ” ಎಂದು ಮೇಲಿನ ಕಪಾಟು ತೋರಿಸಿದಳು. ಎಳ್ಳಿನ ಪೊಟ್ಟಣದಲ್ಲಿದ್ದ ಒಂದು ಸಕ್ಕರೆ ಅಚ್ಚನ್ನು, ಗಿಳಿಯೋ ಮೀನೋ ನೋಡಲಿಲ್ಲ, ಜಜ್ಜಿ ಬಿಸಿನೀರಿಗೆ ಹಾಕಿ ಕದಡಿದೆ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಬೆಕ್ಕನ್ನು ತೊಡೆಗೆ ಹಾಕಿಕೊಂಡು, ಬೆರಳಿನಿಂದ ಒಸಡಿಗೆ ಸವರುತ್ತಿದ್ದಳು.

ನನಗೆ ಸ್ಕೂಟರ್ ಒಂದೇ ಬರುವುದು. ಆಟೋ ಆಪ್ ಹುಡುಕುತ್ತಲೇ ಇತ್ತು. ಅಷ್ಟರಲ್ಲಿ ಅಮ್ಮ ಕೂತಲ್ಲಿಂದಲೇ ಕಿಟಕಿಯ ಕಡೆ ಮುಖ ಮಾಡಿ, ಕಣದಲ್ಲಿ ಕೂಗುವ ದನಿಯಲ್ಲಿ ಪಕ್ಕದ ಮನೆಯಾಕೆಯನ್ನು ಕರೆದಳು.

“ಏ ತಾಯೀ, ಕಾರ್ ತೆಗಿಯವ್ವಾ, ನನ್ ಮಗ ಸಾಯ್ತಾವ್ನೆ.”

ಆಕೆ ರಜೆಯಲ್ಲಿದ್ದರು. ಕಾಲಿಗೆ ಚಪ್ಪಲಿಯಿಲ್ಲದೆ ಓಡಿಬಂದು, ಮೊದಲು ನನ್ನನ್ನು ನೋಡಿದರು. ಸಾಯುತ್ತಿರುವ ಮಗ ನಾನೇ ಎಂದುಕೊಂಡಿದ್ದರಂತೆ. ಆಮೇಲೆ ಅಮ್ಮನ ತೊಡೆ ನೋಡಿದರು, ಬೆಕ್ಕಿನ ಕಾಲು ನೋಡಿದರು. ಮನೆಗೆ ಹೋಗಿ ಕಾರಿನ ಕೀ ತಂದರು.

ಹಿಂದಿನ ಸೀಟಿನಲ್ಲಿ ಅಮ್ಮ, ತೊಡೆಯ ಮೇಲೆ ಬೆಕ್ಕು. ನಾನು ಪಕ್ಕದಲ್ಲಿ ಸಕ್ಕರೆ ನೀರಿನ ಲೋಟ ಹಿಡಿದು. ಕೋಗಿಲು ಕ್ರಾಸಿನಲ್ಲಿ ಸಿಗ್ನಲ್ಲು ಬಿದ್ದಿತ್ತು. ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಾ ಆಕೆ ಕೇಳಿದರು.

“ಇವತ್ತು ಊಟ ಕಮ್ಮಿ ಆಯ್ತಾ ಅಣ್ಣಾ? ನಮ್ ಅಬ್ಬಾಗೂ ಹಿಂಗೇ ಆಗ್ತಿತ್ತು. ಸೂಜಿ ಹಾಕ್ಕೊಂಡು ದಿನಾ ತಿನ್ನೋದನ್ನ ತಿನ್ಲಿಲ್ಲ ಅಂದ್ರೆ.”

“ದಿನಾ ಕೊಡೋದನ್ನೇ ಕೊಟ್ಟಿದ್ದೀನಿ. ಅರ್ಧ ಬಿಟ್ಟ, ಅಷ್ಟೆ.”

“ದಿನಾ ತಿಂಬೋ ಅಂಗೇ ಇವತ್ತೆಲ್ಲಿ ತಿಂತು?” ಅಮ್ಮ ಬೆಕ್ಕಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು. “ಇವತ್ತು ಪ್ರಸಾದ ಇಲ್ವಲ್ಲ. ನೆನ್ನೆಗೆ ಧನುರ್ಮಾಸ ಆಗೋಯ್ತು.”

“ಯಾವ ಪ್ರಸಾದ?”

“ಉಗ್ಗಿ ಕಣಪ್ಪ. ಗುಡಿಯಾಗೆ ಎರಡು ದೊನ್ನೆ ಕೊಡ್ತಾರೆ. ಖಾರದ್ದು ನಾನು ತಿಂತೀನಿ. ಸಿಹೀದು ನಾನು ತಿನ್ನಂಗಿಲ್ಲ ಅಂತ ನೀನೇ ಹೇಳಿದ್ದೀಯ. ಪ್ರಸಾದ ಬ್ಯಾಡ ಅನ್ನಕ್ಕಾಗ್ತದಾ, ಬಿಸಾಕಕ್ಕಾಗ್ತದಾ? ತುಪ್ಪ ಸುರಿದಿರ್ತಾರೆ, ಇದು ಘಮ್ಮನ್ನೋದಕ್ಕೇ ಬಾಗಿಲಾಗೆ ಕಾದಿರ್ತಿತ್ತು. ಇದಕ್ಕೇ ಇಕ್ತಿದ್ದೆ.”

ಸಿಗ್ನಲ್ಲು ಹಸಿರಾಯಿತು. ಕಾರು ಒಂದು ಕ್ಷಣ ಹೊರಡಲಿಲ್ಲ. ಹಿಂದಿನವರು ಹಾರನ್ ಹೊಡೆದರು.

“ಅಮ್ಮ, ನಾನು ಕೇಳಿದಾಗ ದೇವರಾಣೆ ಇಟ್ಟೆಯಲ್ಲ?”

“ನೀನು ತಿಂಡಿ ಕೊಟ್ಟೆಯಾ ಅಂತ ಕೇಳ್ದೆ. ಪ್ರಸಾದ ತಿಂಡಿಯೇನಪ್ಪಾ?” ಅಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಪ್ರಸಾದದಿಂದ ಯಾರಿಗಾದ್ರೂ ಕೆಟ್ಟದ್ದಾಗ್ತದಾ?”

ಪಕ್ಕದ ಮನೆಯಾಕೆ ಮುಂದೆ ನೋಡುತ್ತಾ ಗೇರು ಬದಲಾಯಿಸಿದರು. “ಅಣ್ಣಾ, ಇನ್ನೊಂದು ಚೀಟಿ ಬರೀರಿ. ಈ ಸಲ ಅಜ್ಜಿ ಕೊರಳಿಗೆ.”

ನಾನು ಮುಂದಿನ ಸೀಟಿನ ಕಡೆ ಬಾಗಿದೆ. “ನಿಮ್ಮ ಮೇಲೆ ಅನುಮಾನಪಟ್ಟೆ, ತಪ್ಪಾಯ್ತು” ಎಂದೆ. “ಗೊತ್ತು” ಎಂದರು. “ಈಗ ಸವರ್ತಾ ಇರಿ. ಮಾತು ಆಮೇಲೆ.”

ಬೆಕ್ಕು ಹೆಬ್ಬಾಳದ ಫ್ಲೈಓವರ್ ಸಿಗುವ ಹೊತ್ತಿಗೆ ಅಮ್ಮನ ಬೆರಳನ್ನು ತಾನಾಗಿ ಒಮ್ಮೆ ನೆಕ್ಕಿತು. ಅಮ್ಮ ಅಲ್ಲಿಯವರೆಗೆ ಅತ್ತಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಕಾಲಿಗೆ ಗ್ಲೂಕೋಸ್ ಏರಿಸಿದರು. ಅದುರುವುದು ನಿಂತು, ಕಣ್ಣು ನಮ್ಮ ಕಡೆ ತಿರುಗಿದ ಮೇಲೆ ಡಾಕ್ಟರು ಒಂದು ಸ್ಟೂಲು ಎಳೆದುಕೊಂಡು ಅಮ್ಮನ ಎದುರಿಗೇ ಕೂತರು. ನಾನು ಹುಗ್ಗಿಯ ಕಥೆ ಹೇಳಿದೆ. ಅವರು ಬೈಯಲಿಲ್ಲ. ಅವರ ಮನೆಯಲ್ಲೂ ಪ್ರಸಾದ ಬರುತ್ತದೆ ಎಂದು ಕಾಣುತ್ತದೆ.

“ನಾನು ಹೆಚ್ಚಿಸಿದ್ದು ಹುಗ್ಗಿಗೆ. ಹುಗ್ಗಿ ನಿಂತ್ಹೋಯ್ತು, ಇನ್ಸುಲಿನ್ ಉಳ್ಕೊಳ್ತು” ಎಂದರು. “ಅಜ್ಜಿ, ನಾನು ಇನ್ನು ಮೇಲೆ ಊಟ ಏನು, ತಿಂಡಿ ಏನು ಅಂತ ಕೇಳಲ್ಲ. ಬಾಯಿಗೆ ಏನೇನು ಹೋಯ್ತು ಅಂತ ಕೇಳ್ತೀನಿ. ಹೇಳಿ. ಬೇರೆ ಏನಾದ್ರೂ?”

ಅಮ್ಮ ಬೆರಳು ಮಡಚುತ್ತಾ ಯೋಚಿಸಿದಳು. “ತೀರ್ಥ. ದಿನಾ ಒಂದು ಉದ್ಧರಣೆ.”

“ತೀರ್ಥ ಪರವಾಗಿಲ್ಲ.”

“ಶನಿವಾರ ಪಂಚಾಮೃತ.”

“ಅದು ಆಗಲ್ಲ ಅಜ್ಜಿ.”

“ಮತ್ತೆ ಇವನೂ ಕೊಡ್ತಿದ್ದ” ಎಂದು ಅಮ್ಮ ನನ್ನ ಕಡೆ ಗದ್ದ ತೋರಿಸಿದಳು. “ಪ್ರಸಾದ ಕಣ್ಗೊತ್ಕಂಡು ಒಂದ್ ಚಿಟಿಕೆ ಬಾಯ್ಗಾಕಂಡು, ಬೆರಳು ಅದ್ರ ಮುಂದೆ ಇಡಿಯೋನು. ನೆಕ್ಕಲಿ ಅಂತ.”

ಮೂವರೂ ನನ್ನನ್ನು ನೋಡಿದರು. ಹೌದು, ಹಿಡಿಯುತ್ತಿದ್ದೆ. ಪೇಪರು ಓದುತ್ತಾ, ದಿನಾ, ಸೂಜಿ ಸಿದ್ಧಮಾಡಿಕೊಳ್ಳುವುದಕ್ಕೆ ಮುಂಚೆ. ಆಮೇಲೆ ಅದೇ ಬೆಕ್ಕಿನ ಮೀಸೆ ಮೂಸಿ ತುಪ್ಪ ಯಾರ ಮನೆಯದು ಎಂದು ತನಿಖೆ ಮಾಡಿದ್ದೆ. ನನ್ನನ್ನು ಯಾರಾದರೂ ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದ್ದರೂ ಏನೂ ಇಲ್ಲ ಎಂದೇ ಹೇಳುತ್ತಿದ್ದೆ, ದೇವರಾಣೆ ಇಟ್ಟು.

ಡಾಕ್ಟರು ಪ್ರಮಾಣವನ್ನು ಮೊದಲಿನದಕ್ಕಿಂತಲೂ ಸ್ವಲ್ಪ ಕೆಳಗಿಳಿಸಿದರು. ಸಂಜೆಯವರೆಗೆ ಅಲ್ಲೇ ಇಟ್ಟುಕೊಂಡು, ಮತ್ತೆ ಮತ್ತೆ ಕಿವಿ ಚುಚ್ಚಿ ನೋಡಿ ಕಳಿಸಿದರು. ಪಕ್ಕದ ಮನೆಯಾಕೆ ಅಷ್ಟು ಹೊತ್ತೂ ಕೂತಿದ್ದರು. ಅಮ್ಮನೂ ಅವರೂ ಅಬ್ಬಾನ ಷುಗರು, ಅಮ್ಮನ ಷುಗರು, ಬೆಕ್ಕಿನ ಷುಗರು ಎಂದು ಮಾತಾಡುತ್ತಿದ್ದರು. ನನ್ನನ್ನು ಸೇರಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ಎಂದಿನಂತೆ ಗುಡಿಗೆ ಹೋಗಿ ಬಂದಳು. ಧನುರ್ಮಾಸವಿರಲಿ ಇಲ್ಲದಿರಲಿ, ಅವಳ ಕೈ ಬರಿದಾಗಿ ಬರುವುದು ಅಪರೂಪ ಎಂದು ನಾನು ಆಗಷ್ಟೇ ಗಮನಿಸತೊಡಗಿದ್ದೆ. ಬೆಕ್ಕು ತಟ್ಟೆಯ ಮುಂದೆ ಕೂತಿತ್ತು. ಮಷೀನಿನ ಸಂಖ್ಯೆ ಚೆನ್ನಾಗಿತ್ತು, ನಂಬಬಹುದಾದ ಹಾಗೆ. ಬಾಟಲಿಯನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೇಳಿದೆ.

“ಅಮ್ಮ, ಬಾಯಿಗೆ ಏನಾದ್ರೂ ಹೋಯ್ತಾ?”

“ಯಾರ ಬಾಯಿಗೆ? ಇದ್ರದ್ದೋ, ನಂದೋ?”

“ಇಬ್ಬರದ್ದೂ.”

ಅಮ್ಮ ಬಾಗಿಲಲ್ಲೇ ನಿಂತು ಯೋಚಿಸಿದಳು. ನಾನು ಸಿರಿಂಜಿಗೆ ಮದ್ದು ಎಳೆಯದೆ ಕಾದೆ.